ಎದೆ ಮೇಲೊಂದು ಪಿನ್ನು, ತೋಳಿಗೊಂದು ಪಟ್ಟಿ: ದಿನಬಳಕೆಯ ವಸ್ತುವನ್ನು ಪ್ರತಿಭಟನೆಯ ಗುರುತಾಗಿ ತೊಡುವ ಬಗೆ

ಮೆರವಣಿಗೆಯಲ್ಲಿ ಹಿಡಿದ ಫಲಕವನ್ನು ಸಂಜೆ ಕೆಳಗಿಡಲೇಬೇಕು. ಅಂಗಿಗೆ ಚುಚ್ಚಿಕೊಂಡ ಪಿನ್ನು ಮಾತ್ರ ನಿಮ್ಮ ಜೊತೆಗೇ ಬಸ್ಸು ಹತ್ತುತ್ತದೆ, ಕ್ಯೂನಲ್ಲಿ ನಿಲ್ಲುತ್ತದೆ, ಕೆಲಸಕ್ಕೂ ಬರುತ್ತದೆ. ಎದುರು ಕೂತವರು ಅದನ್ನು ನೋಡುತ್ತಾರೆ. ಒಬ್ಬರಾದರೂ "ಇದೇನಿದು?" ಅಂತ ಕೇಳುತ್ತಾರೆ. ಇಷ್ಟೆಲ್ಲ ಮಾಡುವುದೇ ಆ ಪ್ರಶ್ನೆಗಾಗಿ. ಯಾರೂ ಕೇಳದಿದ್ದರೆ ಗುರುತು ಸೋತಂತೆ. ಕೇಳಿದಾಗ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೂ ಸೋತಂತೆಯೇ.

ಒಬ್ಬರೇ ಆಗಲಿ, ಹತ್ತಾರು ಜನರ ಗುಂಪಾಗಲಿ, ಶಾಂತವಾಗಿ ತಮ್ಮ ವಿರೋಧವನ್ನು ಮೈಮೇಲೆ ತೊಟ್ಟು ತೋರಿಸಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ದುಡ್ಡು ಹೆಚ್ಚು ಬೇಕಿಲ್ಲ. ಯೋಚನೆ ಮಾತ್ರ ಸ್ವಲ್ಪ ಜಾಸ್ತಿ ಬೇಕು.

ಮೊದಲು ಮಾತು, ಆಮೇಲೆ ವಸ್ತು

ಹೆಚ್ಚಿನ ಗುಂಪುಗಳು ಬಣ್ಣದಿಂದ ಶುರುಮಾಡುತ್ತವೆ. ಕೆಂಪೋ ಕಪ್ಪೋ, ರಿಬ್ಬನ್ನೋ ಬ್ಯಾಡ್ಜೋ ಎನ್ನುವುದರಲ್ಲೇ ಅರ್ಧ ಸಭೆ ಮುಗಿದುಹೋಗುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳೋಣ. ಮೊದಲು ಒಂದು ಕಾಗದದ ಮೇಲೆ "ನಾನು ಇದನ್ನು ಹಾಕಿಕೊಂಡಿರುವುದು ಯಾಕೆಂದರೆ" ಎಂದು ಬರೆದು, ಆ ವಾಕ್ಯ ಮುಗಿಸಿ. ಒಂದೇ ವಾಕ್ಯ ಸಾಕು. ಯಾರಿಗೆ ಹೇಳುತ್ತಿದ್ದೀರಿ, ಏನು ಬದಲಾಗಬೇಕು ಎರಡೂ ಅದರಲ್ಲಿ ಬರಲಿ. "ಅನ್ಯಾಯದ ವಿರುದ್ಧ" ಎಂದರೆ ಏನೂ ಹೇಳಿದಂತಾಗಲಿಲ್ಲ. "ಜೈಲಿನಲ್ಲಿಟ್ಟ ಪತ್ರಕರ್ತರನ್ನು ಬಿಡಬೇಕು" ಎಂದರೆ ಕೇಳಿದವರಿಗೆ ಒಂದು ಹಿಡಿ ಸಿಗುತ್ತದೆ.

2003ರ ವಿಶ್ವಕಪ್ ಕ್ರಿಕೆಟ್ ನೋಡಿದವರಿಗೆ ಜಿಂಬಾಬ್ವೆ ಆಟಗಾರರಾದ ಆ್ಯಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗಾ ನೆನಪಿರಬಹುದು. ಫೆಬ್ರವರಿ 10ರಂದು ಹರಾರೆಯಲ್ಲಿ ನಮೀಬಿಯಾ ವಿರುದ್ಧದ ಪಂದ್ಯಕ್ಕೆ ಇಬ್ಬರೂ ತೋಳಿಗೆ ಕಪ್ಪು ಪಟ್ಟಿ ಹಾಕಿಕೊಂಡು ಬಂದರು. ಕಪ್ಪು ಪಟ್ಟಿ ಎಂದರೆ ಸಾವಿನ ಶೋಕ ಎಂಬುದು ಕ್ರಿಕೆಟ್ಟಿನಲ್ಲಿ ಎಲ್ಲರಿಗೂ ಗೊತ್ತು. ಯಾರು ಸತ್ತರು? ಅದಕ್ಕೆ ಉತ್ತರವನ್ನು ಅವರು ಮೊದಲೇ ಬರೆದು ಪತ್ರಕರ್ತರ ಕೈಗೆ ಕೊಟ್ಟಿದ್ದರು. ತಮ್ಮ ಪ್ರೀತಿಯ ಜಿಂಬಾಬ್ವೆಯಲ್ಲಿ ಪ್ರಜಾಪ್ರಭುತ್ವ ಸಾಯುತ್ತಿದೆ, ಅದಕ್ಕೆ ಈ ಶೋಕ ಎಂಬುದು ಆ ಹೇಳಿಕೆಯ ತಿರುಳು. ಆ ಹೇಳಿಕೆ ಇಲ್ಲದಿದ್ದರೆ ಜನ ಅದನ್ನು ಯಾರೋ ಹಳೆಯ ಆಟಗಾರ ತೀರಿಕೊಂಡಿರಬೇಕು ಅಂತ ಬಿಟ್ಟುಬಿಡುತ್ತಿದ್ದರು. ಪಟ್ಟಿ ಕಣ್ಣು ಸೆಳೆಯಿತು, ಕಾಗದ ಮಾತಾಡಿತು. ನಿಮಗೂ ಎರಡೂ ಬೇಕು.

ವಸ್ತು ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ಒಳ್ಳೆಯ ವಸ್ತು ಸಿಕ್ಕಿದರೆ ಉಳಿದ ಕೆಲಸ ಅರ್ಧ ಆದ ಹಾಗೆ.

ಮೊದಲು ನೋಡಬೇಕಾದ್ದು, ಅದು ಎಲ್ಲರ ಮನೆಯಲ್ಲೂ ಈಗಾಗಲೇ ಇದೆಯಾ ಎಂಬುದು. ಫ್ರಾನ್ಸಿನಲ್ಲಿ 2008ರಿಂದ ಕಾರು ಓಡಿಸುವವರೆಲ್ಲ ಒಂದು ಹೊಳೆಯುವ ಹಳದಿ ಜಾಕೆಟ್ ಗಾಡಿಯಲ್ಲಿ ಇಟ್ಟುಕೊಳ್ಳಲೇಬೇಕು ಅಂತ ಕಾನೂನಿದೆ. ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ಬೇರೆಯವರಿಗೆ ಕಾಣಲಿ ಅಂತ. 2018ರ ನವೆಂಬರ್ 17ರಂದು ಇಂಧನ ತೆರಿಗೆ ಏರಿಕೆಯ ವಿರುದ್ಧ ಜನ ರಸ್ತೆಗಿಳಿದಾಗ ಅದೇ ಜಾಕೆಟ್ ಹಾಕಿಕೊಂಡರು. ಹೊಲಿಸಬೇಕಿಲ್ಲ, ಹಂಚಬೇಕಿಲ್ಲ. ಕಾರಿನ ಡಿಕ್ಕಿ ತೆಗೆದರೆ ಸಾಕು. ದೂರದಿಂದ ಕಾಣಲೆಂದೇ ಮಾಡಿದ ಬಟ್ಟೆ ಅದು, ಹಾಗಾಗಿ ಫೋಟೊದಲ್ಲೂ ಟೀವಿಯಲ್ಲೂ ಎದ್ದು ಕಂಡಿತು. ಜೊತೆಗೆ, ಇಂಧನದ ಬೆಲೆಯ ಬಿಸಿ ತಟ್ಟಿದ್ದು ಗಾಡಿ ಓಡಿಸುವವರಿಗೇ. ಸಮಸ್ಯೆ ಯಾರದೋ ಜಾಕೆಟ್ಟೂ ಅವರದೇ.

ಈ ಕೊನೆಯ ಅಂಶವೇ ಎರಡನೆಯ ಪರೀಕ್ಷೆ. ವಸ್ತುವಿಗೂ ವಿಷಯಕ್ಕೂ ನಂಟು ಇರಬೇಕು. ಅರ್ಜೆಂಟೀನಾದಲ್ಲಿ ಮಿಲಿಟರಿ ಆಡಳಿತ ಜನರನ್ನು ಎತ್ತಿಕೊಂಡು ಹೋಗಿ ಕಣ್ಮರೆ ಮಾಡುತ್ತಿದ್ದ ಕಾಲದಲ್ಲಿ, 1977ರಲ್ಲಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸೇರತೊಡಗಿದರು. ಅದೇ ವರ್ಷ ಲುಹಾನ್ ಎಂಬಲ್ಲಿಗೆ ನಡೆದ ಯಾತ್ರೆಯ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯಬೇಕಿತ್ತು. ಅದಕ್ಕೆ ಅವರು ತಲೆಗೆ ಕಟ್ಟಿಕೊಂಡದ್ದು ಎಳೆಮಕ್ಕಳಿಗೆ ಕಟ್ಟುವ ಬಿಳಿ ಬಟ್ಟೆಯ ಡಯಾಪರ್. ಮಗುವನ್ನು ಕಳೆದುಕೊಂಡವಳ ತಲೆಯ ಮೇಲೆ ಮಗುವಿನ ಬಟ್ಟೆ. ಇದಕ್ಕೆ ವಿವರಣೆ ಬೇಕಾ? ಮುಂದೆ ಅದು ಬಿಳಿ ತಲೆವಸ್ತ್ರವಾಯಿತು, ಅದರ ಮೇಲೆ ಕಾಣೆಯಾದವರ ಹೆಸರು ಕಸೂತಿಯಾಗಿ ಬಂತು. ನನಗೆ ಗೊತ್ತಿರುವ ಗುರುತುಗಳಲ್ಲಿ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ.

ಮೂರನೆಯದು, ಅದು ನೋಡಲು ನಿರುಪದ್ರವಿಯಾಗಿರಬೇಕು. ಇದು ದಬ್ಬಾಳಿಕೆ ಇರುವ ಕಡೆ ಬಹಳ ಮುಖ್ಯ. 1940ರಲ್ಲಿ ಜರ್ಮನರು ನಾರ್ವೆಯನ್ನು ಆಕ್ರಮಿಸಿದಾಗ ರಾಜ ಏಳನೆಯ ಹೋಕನ್ ಲಂಡನ್ನಿಗೆ ಹೋಗಬೇಕಾಯಿತು. ರಾಜನ ಗುರುತಿರುವ ಬ್ಯಾಡ್ಜ್ ಹಾಕುವುದಕ್ಕೆ ನಿಷೇಧ ಬಂತು. ಆಗ ಓಸ್ಲೊದ ವಿದ್ಯಾರ್ಥಿಗಳು ಕೋಟಿನ ಕಾಲರಿಗೆ ಪೇಪರ್ ಕ್ಲಿಪ್ ಸಿಕ್ಕಿಸಿಕೊಂಡರು. ಕ್ಲಿಪ್ಪಿನ ಕೆಲಸವೇ ಬಿಡಿ ಹಾಳೆಗಳನ್ನು ಒಟ್ಟಿಗೆ ಹಿಡಿಯುವುದು. ನಾವೂ ಹಾಗೇ ಒಟ್ಟಿಗಿದ್ದೇವೆ ಎಂಬುದು ನೋಡಿದವರಿಗೆ ಹೊಳೆಯುತ್ತಿತ್ತು. ಪೋಲೆಂಡ್‌ನಲ್ಲಿ 1981ರ ಡಿಸೆಂಬರಿನಲ್ಲಿ ಮಾರ್ಷಲ್ ಲಾ, ಅಂದರೆ ಸೇನಾ ಆಡಳಿತ ಬಂದು ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆಯ ಬ್ಯಾಡ್ಜ್ ಹಾಕುವುದು ಅಪಾಯವಾದಾಗ, ಜನ ರೇಡಿಯೊ ಒಳಗಿರುವ ಪುಟ್ಟ ರೆಸಿಸ್ಟರ್ ತೆಗೆದು ಬಟ್ಟೆಗೆ ಚುಚ್ಚಿಕೊಂಡರು. ವಿದ್ಯುತ್ತಿನ ಹರಿವನ್ನು ತಡೆಯುವ ಬಿಡಿಭಾಗ ಅದು. ಗೊತ್ತಿದ್ದವರಿಗೆ ಗೊತ್ತಾಗುತ್ತಿತ್ತು, ಗೊತ್ತಿಲ್ಲದವರಿಗೆ ಅದು ಸುಮ್ನೆ ಒಂದು ಬಣ್ಣದ ಕಡ್ಡಿ.

ನಿಮ್ಮ ಪಟ್ಟಿಯಲ್ಲಿರುವ ಪ್ರತಿ ವಸ್ತುವನ್ನೂ ಈ ಮೂರು ಪ್ರಶ್ನೆಗೆ ಒಡ್ಡಿ. ಒಂದಕ್ಕೆ ಮಾತ್ರ ಹೌದು ಎಂಬ ಉತ್ತರ ಬಂದರೆ ಬಿಟ್ಟುಬಿಡಿ. ದುಡ್ಡು ಕೊಟ್ಟು ಎಲ್ಲಿಂದಲೋ ತರಿಸಬೇಕಾದದ್ದನ್ನು, ಆಯುಧದಂತೆ ಕಾಣುವುದನ್ನು, ಗಾಜು ಅಥವಾ ಚೂಪಾದ ಲೋಹವನ್ನು ಮೊದಲೇ ತೆಗೆದುಹಾಕಿ.

ಇದನ್ನು ಬೇರೆ ಯಾರಾದರೂ ತೊಟ್ಟಿದ್ದಾರಾ?

ಆರಿಸಿದ ಮೇಲೆ ಹುಡುಕಿ ನೋಡಿ. ಬಿಳಿ ರಿಬ್ಬನ್ನನ್ನೇ ತೆಗೆದುಕೊಳ್ಳಿ. 1991ರಲ್ಲಿ ಕೆನಡಾದಲ್ಲಿ ಹೆಣ್ಣುಮಕ್ಕಳ ಮೇಲಿನ ಹಿಂಸೆಯ ವಿರುದ್ಧ ಗಂಡಸರು ಅದನ್ನು ತೊಟ್ಟು ಒಂದು ಆಂದೋಲನ ಶುರುಮಾಡಿದರು, ಅದು ಬೇರೆ ದೇಶಗಳಿಗೂ ಹರಡಿತು. 2011ರ ಕೊನೆಗೆ ರಷ್ಯಾದಲ್ಲಿ ಚುನಾವಣೆ ಸರಿಯಾಗಿ ನಡೆದಿಲ್ಲ ಎಂದು ಬೀದಿಗಿಳಿದವರೂ ಬಿಳಿ ರಿಬ್ಬನ್ನನ್ನೇ ತೊಟ್ಟರು. ರಿಬ್ಬನ್ ಒಂದೇ, ಮಾತು ಬೇರೆ. ನೀವು ಮೂರನೆಯ ಅರ್ಥ ಹೊರಿಸಲು ಹೊರಟರೆ ಎದುರಿನವರಿಗೆ ಗೊಂದಲ ಆಗುವುದು ಸಹಜ.

ಬಣ್ಣದ ವಿಷಯದಲ್ಲಂತೂ ಹುಷಾರು. ಬಿಳಿ ಒಂದು ಕಡೆ ಮದುವೆಯ ಬಣ್ಣ, ಇನ್ನೊಂದು ಕಡೆ ಸಾವಿನದು. ನಿಮ್ಮ ಸುತ್ತಲಿನ ಯಾವುದೋ ಪಕ್ಷದ ಬಣ್ಣವನ್ನು ಗೊತ್ತಿಲ್ಲದೆ ತೊಟ್ಟರೆ ಜನ ನಿಮ್ಮನ್ನು ಆ ಪಕ್ಷದವರೆಂದೇ ತಿಳಿಯುತ್ತಾರೆ. ಇನ್ನೊಬ್ಬರು ಪೂಜಿಸುವ, ಅಥವಾ ಇನ್ನೊಬ್ಬರಿಗೆ ನೋವಿನ ನೆನಪು ತರುವ ವಸ್ತುವನ್ನು ಮುಟ್ಟಲೇಬೇಡಿ. 2017ರ ಜನವರಿ 21ರಂದು ಅಮೆರಿಕದ ಮಹಿಳಾ ಮೆರವಣಿಗೆಯಲ್ಲಿ ಲೆಕ್ಕವಿಲ್ಲದಷ್ಟು ಹೆಂಗಸರು ಕೈಯಲ್ಲಿ ಹೆಣೆದ ಗುಲಾಬಿ ಟೋಪಿ ಹಾಕಿದ್ದರು. ಅಷ್ಟು ಚೆನ್ನಾಗಿ ಗೆದ್ದ ಗುರುತಿಗೂ, ಅದರ ಬಣ್ಣ ಮತ್ತು ಹೆಸರು ಹೆಣ್ಣಿನ ಜನನಾಂಗವನ್ನು ಸೂಚಿಸುವುದರಿಂದ, ಇದು ಎಲ್ಲ ಹೆಂಗಸರನ್ನೂ ಒಳಗೊಳ್ಳುವುದಿಲ್ಲ ಎಂಬ ಟೀಕೆ ಬಂತು. ಕಪ್ಪು ಹೆಂಗಸರೂ ಟ್ರಾನ್ಸ್ ಹೆಂಗಸರೂ ಆ ಟೀಕೆಯನ್ನು ಎತ್ತಿದರು. ಹಾಗಾಗಿ ನಿಮ್ಮ ಗುಂಪಿನ ಆಚೆಗಿನ ನಾಲ್ಕಾರು ಜನರಿಗೆ ಮೊದಲೇ ತೋರಿಸಿ. "ಇದನ್ನು ನೋಡಿದರೆ ಏನನ್ನಿಸುತ್ತದೆ?" ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ವಿವರಣೆ ಕೊಡಲು ಹೋಗಬೇಡಿ.

ಎಲ್ಲಿ ತೊಡಬೇಕು, ಎಷ್ಟು ದೊಡ್ಡದು

ನೋಡುವವರು ಎಷ್ಟು ದೂರದಲ್ಲಿರುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ಎದುರು ಕೂತು ಮಾತಾಡುವವರಿಗಾದರೆ ಕಾಲರಿನ ಕ್ಲಿಪ್ ಸಾಕು. ಬೀದಿಯ ಆಚೆ ಬದಿಗೆ ಕಾಣಬೇಕಾದರೆ ತೋಳಿನ ಪಟ್ಟಿ ಬೇಕು. ಮೈದಾನದ ಆ ತುದಿಗೆ ಕಾಣಬೇಕಾದರೆ ತಲೆಗೆ ಅಥವಾ ಎತ್ತಿದ ಕೈಗೆ ಏನಾದರೂ ಇರಬೇಕು.

1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಪದಕ ಪಡೆಯುವಾಗ ಅಮೆರಿಕದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಕಪ್ಪು ಕೈಗವಸು ಹಾಕಿದ ಮುಷ್ಟಿ ಎತ್ತಿದರು. ಅದು ಇಡೀ ಕ್ರೀಡಾಂಗಣಕ್ಕೆ ಕಂಡಿತು. ಹತ್ತಿರದಿಂದ ನೋಡಿದವರಿಗೆ ಇನ್ನಷ್ಟು ಇತ್ತು. ಕಪ್ಪು ಜನರ ಬಡತನ ತೋರಿಸಲು ಇಬ್ಬರೂ ಶೂ ಕಳಚಿ ಕಪ್ಪು ಕಾಲುಚೀಲದಲ್ಲಿ ನಿಂತಿದ್ದರು. ಕಾರ್ಲೋಸ್ ಕೊರಳಲ್ಲಿ ಗುಂಪು ಹಲ್ಲೆಗೆ ಬಲಿಯಾದವರ ನೆನಪಿನ ಮಣಿಸರ ಇತ್ತು. ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಪೀಟರ್ ನಾರ್ಮನ್ ಮಾನವ ಹಕ್ಕುಗಳ ಬ್ಯಾಡ್ಜ್ ಹಾಕಿ ಅವರ ಜೊತೆ ನಿಂತಿದ್ದರು. ಕಾರ್ಲೋಸ್ ತಮ್ಮ ಕೈಗವಸು ಬಿಟ್ಟು ಬಂದಿದ್ದರಿಂದ ಇದ್ದದ್ದು ಒಂದೇ ಜೊತೆ. ಒಬ್ಬೊಬ್ಬರು ಒಂದೊಂದು ಹಾಕಿಕೊಳ್ಳಿ ಎಂದದ್ದು ನಾರ್ಮನ್. ಅದಕ್ಕೇ ಆ ಚಿತ್ರದಲ್ಲಿ ಸ್ಮಿತ್ ಬಲಗೈ ಎತ್ತಿದ್ದಾರೆ, ಕಾರ್ಲೋಸ್ ಎಡಗೈ.

ಇದರಿಂದ ಕಲಿಯಬೇಕಾದ ಒಂದು ಸಣ್ಣ ವಿಷಯ ಇದೆ. ದೂರಕ್ಕೊಂದು, ಹತ್ತಿರಕ್ಕೊಂದು ಗುರುತು ಇಟ್ಟುಕೊಳ್ಳಬಹುದು. ಆದರೆ ದೂರದ್ದು ಒಂದೇ ಇರಲಿ, ಸರಳವಾಗಿರಲಿ. ಮತ್ತೆ, ಹೆಚ್ಚುವರಿ ಒಂದು ಯಾವಾಗಲೂ ಚೀಲದಲ್ಲಿರಲಿ.

ಮಾಡುವ ಕೆಲಸ

ತೋಳಿನ ಪಟ್ಟಿ: ಹತ್ತಿ ಬಟ್ಟೆಯೇ ಒಳ್ಳೆಯದು. ಸ್ಯಾಟಿನ್ ಜಾರುತ್ತದೆ. ನೀವು ಯಾವ ಬಟ್ಟೆಯ ಮೇಲೆ ಕಟ್ಟುತ್ತೀರೋ ಅದನ್ನು ಹಾಕಿಕೊಂಡೇ ಮೊಣಕೈ ಮೇಲಿನ ತೋಳಿನ ಸುತ್ತಳತೆ ತೆಗೆದುಕೊಳ್ಳಿ. ಬರಿತೋಳಿನ ಅಳತೆಗೆ ಕತ್ತರಿಸಿದರೆ ಸ್ವೆಟರ್ ಮೇಲೆ ಸುತ್ತು ಸಾಲುವುದಿಲ್ಲ. ಅಳತೆಗೆ 5 ಸೆಂಟಿಮೀಟರ್ ಸೇರಿಸಿ, ಉದ್ದ ಅಷ್ಟಿರಲಿ. ಅಗಲ 17 ಸೆಂಟಿಮೀಟರ್ ಕತ್ತರಿಸಿ, ಉದ್ದುದ್ದಕ್ಕೆ ಒಳಮಗ್ಗುಲು ಹೊರಗೆ ಬರುವಂತೆ ಎರಡಾಗಿ ಮಡಚಿ ಅಂಚು ಹೊಲಿದು, ತಿರುಗಿಸಿ ಇಸ್ತ್ರಿ ಮಾಡಿ. ಏಳೆಂಟು ಸೆಂಟಿಮೀಟರ್ ಅಗಲದ ಗಟ್ಟಿ ಪಟ್ಟಿ ಸಿಗುತ್ತದೆ. ತುದಿಗಳಿಗೆ ವೆಲ್ಕ್ರೊ ಹೊಲಿಯಿರಿ. ಕಟ್ಟಿದ ಮೇಲೆ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಇಲ್ಲದಿದ್ದರೆ ಸ್ವಲ್ಪ ಹೊತ್ತಿಗೇ ಕೈ ಜೋಮು ಹಿಡಿಯುತ್ತದೆ. ಪಟ್ಟಿ ಕೆಳಗೆ ಜಾರುವುದೇ ದೊಡ್ಡ ತಲೆನೋವು. ಅದಕ್ಕೆ ಮೇಲಂಚನ್ನು ಒಂದು ಸೇಫ್ಟಿ ಪಿನ್ನಿನಿಂದ ಅಂಗಿಯ ತೋಳಿಗೆ ಸೇರಿಸಿ, ಪಿನ್ನು ಪಟ್ಟಿಯ ಒಳಮಡಿಕೆಯಲ್ಲಿ ಅಡಗಿರಲಿ.

ಹೊಲಿಯಲು ಹೊತ್ತಿಲ್ಲ ಅಂದರೆ ಕಪ್ಪು ಇನ್ಸುಲೇಷನ್ ಟೇಪ್ ಸಾಕು. ಹರಾರೆಯಲ್ಲಿ ಆಗಿದ್ದೂ ಅದೇ. ಬಟ್ಟೆಯ ಮೇಲೆ ಮಾತ್ರ ಸುತ್ತಿ, ಚರ್ಮದ ಮೇಲೆ ಬೇಡ.

ಬಟ್ಟೆಯ ಚೌಕ: 2012ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಕಾಲೇಜು ಶುಲ್ಕ ಏರಿಕೆಯ ವಿರುದ್ಧ ವಿದ್ಯಾರ್ಥಿಗಳು ಕೆಂಪು ಫೆಲ್ಟ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ) ಬಟ್ಟೆಯ ಪುಟ್ಟ ಚೌಕವನ್ನು ಸೇಫ್ಟಿ ಪಿನ್ನಿನಿಂದ ಎದೆಗೆ ಸಿಕ್ಕಿಸಿಕೊಂಡರು. ಒಂದು ಮೀಟರ್ ಬಟ್ಟೆಯಲ್ಲಿ ನೂರಾರು ಆಗುತ್ತವೆ, ಇದಕ್ಕಿಂತ ಸುಲಭದ್ದು ಇಲ್ಲ. ಫೆಲ್ಟ್ ಅಂಚಿನಲ್ಲಿ ನೂಲು ಬಿಡುವುದಿಲ್ಲ, ಆದ್ದರಿಂದ ಅಂಚು ಹೊಲಿಯುವ ಗೋಜಿಲ್ಲ. 4 ಸೆಂಟಿಮೀಟರಿನ ಒಂದು ರಟ್ಟಿನ ಅಚ್ಚು ಮಾಡಿಕೊಂಡು, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸಿ. ಒಂದು ಮೂಲೆಯ ಹತ್ತಿರ ಪಿನ್ನು ಚುಚ್ಚಿ. ತೊಡುವ ಅಂಗಿ ತೆಳುವಾಗಿದ್ದರೆ ಒಳಗಡೆ ಒಂದು ಚಿಂದಿ ಬಟ್ಟೆ ಇಟ್ಟು ಎರಡಕ್ಕೂ ಸೇರಿಸಿ ಚುಚ್ಚಿ. ಅಂಗಿ ಹರಿಯುವುದಿಲ್ಲ, ಪಿನ್ನೂ ಜೋತು ಬೀಳುವುದಿಲ್ಲ.

ಕ್ಲಿಪ್ಪು ಮತ್ತು ರೆಸಿಸ್ಟರ್: ಪೇಪರ್ ಕ್ಲಿಪ್ಪನ್ನು ಕಾಲರಿನ ಅಂಚಿಗೆ ಹಾಗೇ ಸಿಕ್ಕಿಸಿದರೆ ಆಯಿತು. ದಪ್ಪ ಬಟ್ಟೆಗೆ ದೊಡ್ಡ ಕ್ಲಿಪ್ ಬೇಕು. ರೆಸಿಸ್ಟರ್‌ ಆದರೆ ಹೊಸದನ್ನೇ ತೆಗೆದುಕೊಳ್ಳಿ, ಮನೆಯ ಉಪಕರಣ ಬಿಚ್ಚಲು ಹೋಗಬೇಡಿ. ಎರಡು ಬದಿಯ ತಂತಿಯನ್ನು ಬಟ್ಟೆಯೊಳಗೆ ತೂರಿಸಿ, ಹಿಂದೆ ಇಕ್ಕಳದಿಂದ ಪುಟ್ಟ ಸುರುಳಿ ಮಾಡಿ ಒತ್ತಿಬಿಡಿ. ತಂತಿಯ ತುದಿ ಹೊರಗೆ ಚಾಚಿದ್ದರೆ ಮೈಗೆ ಗೀರುತ್ತದೆ.

ಕೊರಳಿಗೆ ಏನನ್ನೂ ಗಟ್ಟಿಯಾಗಿ ಗಂಟು ಹಾಕಬೇಡಿ. ನೂಕುನುಗ್ಗಲಿನಲ್ಲಿ ಯಾರಾದರೂ ಎಳೆದರೆ ಅದು ಉರುಳಾಗುತ್ತದೆ. ಮಕ್ಕಳಿಗೆ ಪಿನ್ನಿನ ಬದಲು ಎರಡು ಹೊಲಿಗೆ ಹಾಕಿಕೊಡಿ.

ನಿಯಮ ತಿಳಿದುಕೊಳ್ಳಿ, ಬೆಲೆಯನ್ನೂ ತಿಳಿದುಕೊಳ್ಳಿ

ಒಂದೇ ಪಟ್ಟಿ ಒಂದು ದೇಶದಲ್ಲಿ ಹಕ್ಕು, ಇನ್ನೊಂದರಲ್ಲಿ ಅಪರಾಧ. ಅಮೆರಿಕದ ಡಿ ಮೊಯಿನ್ ನಗರದಲ್ಲಿ 1965ರ ಡಿಸೆಂಬರಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕಪ್ಪು ಪಟ್ಟಿ ಹಾಕಿ ಶಾಲೆಗೆ ಹೋದ ಮಕ್ಕಳನ್ನು ಶಾಲೆಯಿಂದ ಸಸ್ಪೆಂಡ್ ಮಾಡಿದರು. ಅವರಲ್ಲಿ ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1969ರಲ್ಲಿ 7-2ರ ಬಹುಮತದಿಂದ ಮಕ್ಕಳ ಪರ ತೀರ್ಪು ಬಂತು. ಪಾಠಕ್ಕೆ ದೊಡ್ಡ ಅಡ್ಡಿಯಾಗದ ಹೊರತು ಇಂಥ ಮೌನ ಅಭಿವ್ಯಕ್ತಿಯನ್ನು ಶಾಲೆ ತಡೆಯುವಂತಿಲ್ಲ ಎಂದು ಕೋರ್ಟು ಹೇಳಿತು. ಇನ್ನೊಂದು ಕಡೆ ಬೆಲಾರುಸ್ ನೋಡಿ. 2020ರ ಚುನಾವಣೆಯ ನಂತರದ ಪ್ರತಿಭಟನೆಗಳಾದ ಮೇಲೆ ಅಲ್ಲಿ ಪ್ರತಿಭಟನಾಕಾರರ ಧ್ವಜದ ಬಣ್ಣವಾದ ಬಿಳಿ-ಕೆಂಪು-ಬಿಳಿ ಪಟ್ಟೆಯ ಕಾಲುಚೀಲ ಹಾಕಿದ್ದಕ್ಕೂ ಜನರಿಗೆ ದಂಡ ಬಿತ್ತು.

ಕಾನೂನು ಬಿಡಿ, ಸಂಸ್ಥೆಗಳಿಗೆ ತಮ್ಮದೇ ನಿಯಮಗಳಿರುತ್ತವೆ. 2023ರ ಡಿಸೆಂಬರಿನಲ್ಲಿ ಪರ್ತ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಉಸ್ಮಾನ್ ಖವಾಜಾ ಕಪ್ಪು ಪಟ್ಟಿ ಹಾಕಿದಾಗ, ಮೊದಲೇ ಅನುಮತಿ ಪಡೆದಿಲ್ಲ ಎಂದು ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಐಸಿಸಿ ಅವರಿಗೆ ಛೀಮಾರಿ ಹಾಕಿತು. ನಿಮ್ಮ ಕಂಪನಿಯ, ಕಾಲೇಜಿನ ವಸ್ತ್ರನಿಯಮ ಓದಿ. ಯೂನಿಫಾರ್ಮ್ ಇರುವ ಕೆಲಸಕ್ಕೆ, ಕೋರ್ಟಿನ ಒಳಗೆ, ಮತಗಟ್ಟೆಯ ಹತ್ತಿರ ಬೇರೆ ಕಟ್ಟಳೆ ಇರುವುದು ಸಾಮಾನ್ಯ. ಕೆಲವು ದೇಶಗಳಲ್ಲಿ ಮೆರವಣಿಗೆಯಲ್ಲಿ ಮುಖ ಮುಚ್ಚುವುದೇ ತಪ್ಪು.

ಇದನ್ನೆಲ್ಲ ತಿಳಿದ ಮೇಲೆ ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ತಾವೇ ನಿರ್ಧರಿಸಲಿ. ಫ್ಲವರ್, ಒಲಾಂಗಾ ಇಬ್ಬರೂ ಆ ವಿಶ್ವಕಪ್ಪಿನ ನಂತರ ಮತ್ತೆ ಜಿಂಬಾಬ್ವೆ ಪರ ಆಡಲಿಲ್ಲ. ಒಲಾಂಗಾ ದೇಶವನ್ನೇ ಬಿಡಬೇಕಾಯಿತು. ಗುಂಪಿನಲ್ಲಿ ಒಬ್ಬರು ತೊಡುವುದಿಲ್ಲ ಎಂದರೆ ಯಾಕೆ ಎಂದು ಒತ್ತಾಯಿಸಬೇಡಿ. ಕೆಲಸ ಹೋಗುವ ಭಯ ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ, ಅಲ್ವಾ? ಅವರು ಚೌಕ ಕತ್ತರಿಸಿಕೊಡಬಹುದು, ಪಟ್ಟಿ ಹೊಲಿದುಕೊಡಬಹುದು. ಗುಲಾಬಿ ಟೋಪಿಯ ವಿಷಯದಲ್ಲೂ ಹಾಗೇ ಆಯಿತು. ಹೆಣೆಯುವ ವಿಧಾನವನ್ನು ಉಚಿತವಾಗಿ ಹಂಚಿದ್ದರಿಂದ, ಮೆರವಣಿಗೆಗೆ ಬರಲಾಗದ ಅನೇಕರು ಮನೆಯಲ್ಲೇ ಹೆಣೆದು ಹೋಗುವವರಿಗೆ ಕಳಿಸಿದರು.

ಕೇಳಿದವರಿಗೆ ಉತ್ತರ

ಮೊದಲು ಬರೆದಿಟ್ಟ ವಾಕ್ಯವನ್ನು ಈಗ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿ. ಸ್ನೇಹಿತರೊಬ್ಬರು ಕೇಳಲಿ, ನೀವು ಎರಡು ವಾಕ್ಯದಲ್ಲಿ ಮುಗಿಸಿ. ಭಾಷಣ ಬೇಡ. ಅವರು ಮತ್ತೆ ಕೇಳಿದರೆ ಮುಂದುವರಿಸಿ. ಕೆಣಕಲೆಂದೇ ಕೇಳುವವರೂ ಸಿಗುತ್ತಾರೆ. ಅವರಿಗೂ ಅದೇ ಎರಡು ವಾಕ್ಯ ಹೇಳಿ ನಿಲ್ಲಿಸಿ.

ಗುರುತು ಏನಾದರೂ ಭರವಸೆ ಕೊಡುತ್ತಿದ್ದರೆ ಜವಾಬ್ದಾರಿ ಇನ್ನೂ ದೊಡ್ಡದು. 2016ರಲ್ಲಿ ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟ ಬಿಡುವ ಕುರಿತ) ಮತದಾನದ ನಂತರ ಬ್ರಿಟನ್‌ನಲ್ಲಿ ವಲಸಿಗರ ಮೇಲೆ ಬೈಗುಳ, ಹಲ್ಲೆಗಳಾದಾಗ, "ನನ್ನ ಹತ್ತಿರ ನೀವು ಸುರಕ್ಷಿತ" ಎಂದು ಸೂಚಿಸಲು ಜನ ಸೇಫ್ಟಿ ಪಿನ್ ತೊಟ್ಟರು. ಅದೇ ವರ್ಷ ಅಮೆರಿಕಕ್ಕೂ ಅದು ಹಬ್ಬಿತು. ಪಿನ್ನು ಚುಚ್ಚಿಕೊಂಡು ಸಮಾಧಾನಪಟ್ಟುಕೊಳ್ಳುವುದು ಸುಲಭ, ಬಸ್ಸಿನಲ್ಲಿ ಯಾರನ್ನಾದರೂ ಬೈಯುವಾಗ ಎದ್ದು ನಿಲ್ಲುತ್ತೀರಾ ಎಂದು ಟೀಕಾಕಾರರು ಕೇಳಿದರು. ಸರಿಯಾದ ಪ್ರಶ್ನೆ ಅದು. ಇಂಥ ಗುರುತು ತೊಡುವ ಮೊದಲು ಆ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂದು ಯೋಚಿಸಿಟ್ಟುಕೊಳ್ಳಿ. ಬೈಗುಳ ತಿನ್ನುತ್ತಿರುವವರ ಪಕ್ಕ ಹೋಗಿ ಕೂರುವುದು, ಅವರ ಜೊತೆ ಬೇರೆ ಮಾತು ತೆಗೆಯುವುದು, ಅವರು ಬಯಸಿದರೆ ಜೊತೆಗೆ ಇಳಿಯುವುದು. ಇಷ್ಟು ಆಗುವುದಿಲ್ಲ ಎನಿಸಿದರೆ ಬೇರೆ ಗುರುತು ಆರಿಸಿ.

ಫೋಟೊ ಹಾಕುವಾಗ ಒಪ್ಪಿಗೆ ಕೇಳಿ. ಅಪಾಯ ಇರುವ ಕಡೆ ಮುಖ ಬಿಟ್ಟು ತೋಳು, ಕಾಲರು ಮಾತ್ರ ತೆಗೆಯಿರಿ.

ನಿಷೇಧ ಬಂದರೆ, ಮುಗಿದರೆ

ತೆಗೆಯಿರಿ ಎಂದು ಅಧಿಕಾರಿಯೊಬ್ಬರು ಹೇಳಿದರೆ, ಯಾವ ನಿಯಮದ ಪ್ರಕಾರ ಎಂದು ಸಮಾಧಾನದಿಂದ ಕೇಳಿ, ಸಮಯ, ಸ್ಥಳ ಬರೆದಿಟ್ಟುಕೊಳ್ಳಿ. ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗಬೇಡಿ. ನಂತರ ವಕೀಲರ ಹತ್ತಿರ ಮಾತಾಡಿ.

ಬದಲಿ ವಸ್ತು ಒಂದನ್ನು ಮೊದಲೇ ಯೋಚಿಸಿಟ್ಟಿರಿ. ನಾರ್ವೆಯವರು ಒಂದೇ ಗುರುತಿಗೆ ಅಂಟಿಕೊಳ್ಳಲಿಲ್ಲ. ಕ್ಲಿಪ್ಪಿನ ಜೊತೆಗೆ ಕೆಂಪು ಉಣ್ಣೆಯ ಟೋಪಿಯೂ ಬಂತು. 1942ರ ಫೆಬ್ರವರಿಯಲ್ಲಿ ಟ್ರಾಂಡ್‌ಹೈಮ್ ಪೊಲೀಸರು ಆ ಟೋಪಿಯನ್ನೂ ನಿಷೇಧಿಸಿ ನೋಟಿಸು ಹಾಕಿದರು. ಚಳಿಗೆ ಹಾಕುವ ಟೋಪಿಯನ್ನು ನಿಷೇಧಿಸಬೇಕಾಗಿ ಬಂದ ಸರ್ಕಾರ ಎಷ್ಟು ಹೆದರಿದೆ ಎಂಬುದು ಊರಿಗೆಲ್ಲ ಗೊತ್ತಾಯಿತು.

ಬೇಡಿಕೆ ಈಡೇರಿದರೆ, ಅಥವಾ ಹೋರಾಟದ ದಾರಿ ಬದಲಾದರೆ, ಇಂಥ ದಿನದಿಂದ ತೊಡುವುದಿಲ್ಲ ಎಂದು ಎಲ್ಲರೂ ಕೂಡಿ ತೀರ್ಮಾನಿಸಿ, ಕಾರಣ ಹೇಳಿ. ಹೇಳದೆ ಬಿಟ್ಟರೆ ಒಬ್ಬೊಬ್ಬರಾಗಿ ಸೋತು ಬಿಟ್ಟರು ಅಂತ ನೋಡಿದವರು ತಿಳಿಯುತ್ತಾರೆ. ನಾಲ್ಕೈದನ್ನು ಎತ್ತಿಡಿ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 2017ರಲ್ಲೇ ಒಂದು ಗುಲಾಬಿ ಟೋಪಿಯನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ನಿಮ್ಮದನ್ನು ಯಾವ ಮ್ಯೂಸಿಯಂ ಕೇಳದಿದ್ದರೂ ಮುಂದೆ ಈ ಹೋರಾಟದ ಬಗ್ಗೆ ಬರೆಯುವವರಿಗೆ ಬೇಕಾಗುತ್ತದೆ. ಪಿನ್ನನ್ನು ಬಟ್ಟೆಯಿಂದ ಬಿಡಿಸಿ ಬೇರೆ ಕಾಗದದಲ್ಲಿ ಸುತ್ತಿಡಿ, ಇಲ್ಲದಿದ್ದರೆ ತುಕ್ಕು ಬಟ್ಟೆಗೆ ಹತ್ತುತ್ತದೆ. ಜೊತೆಗೆ ಒಂದು ಚೀಟಿಯಲ್ಲಿ ಯಾವ ತಿಂಗಳು, ಯಾವ ಊರು, ಏನು ಬೇಡಿಕೆ ಎಂದು ಬರೆದು ಹಾಕಿ. ಜನರ ಹೆಸರು ಬರೆಯುವುದಾದರೆ ಅವರನ್ನು ಕೇಳಿ ಬರೆಯಿರಿ.